‘ಬಿಡುವಿಲ್ಲ’ ಎಂಬ ಕೆಂಪು ಗುಂಡಿ

ದ್ವೀಪದೇಶದ ರಾಜಧಾನಿ ಹೊನಿಯಾರಾದ ರೇಡಿಯೊ ಕೊಠಡಿಗೆ ನೆಸ್ಟಾ ಕೆಲಸಕ್ಕೆ ಬಂದ ಮೊದಲ ದಿನ, ಹಿರಿಯ ಕಾಸ್ಮಾಸ್ ಅವಳ ಮುಂದೆ ದ್ವೀಪಗಳ ಪಟ್ಟಿಯನ್ನು ತೆರೆದಿಟ್ಟ. ಅವಳ ಬೆರಳು ಸರಸರನೆ ಇಳಿದು ನಿಯೋಲಿಯ ಸಾಲಿನ ಮೇಲೆ ನಿಂತಿತು.

“ಯಾರನ್ನ ಹುಡುಕ್ತಿದೀಯಮ್ಮ?”

“ನಮ್ಮ ಫಿಲೆಮೋನ್ ಮಾವನ್ನ. ಅಲ್ಲಿ ರೇಡಿಯೊ ನೋಡ್ಕೊಳ್ಳೋನು, ಅಮ್ಮನ ಕಡೆಯವ್ನು.”

“ಓಹೋ, ನೆಂಟರು! ಹಾಗಾದ್ರೆ ಚೆನ್ನಾಗಿ ನೋಡ್ಕೋತೀಯ ಬಿಡು.”

“ಖಂಡಿತ ನೋಡ್ಕೋತೀನಿ,” ಎಂದಳು ನೆಸ್ಟಾ.

ದ್ವೀಪದವರು ಬರೆದ ಕಾಗದಗಳು ರೇಡಿಯೊ ಅಲೆಗಳ ಮೇಲೆ ಈ ಕೊಠಡಿಯ ಯಂತ್ರಕ್ಕೆ ಬಂದು, ಇಲ್ಲಿಂದ ಬೇರೆ ದ್ವೀಪಗಳಿಗೆ ಹೋಗುತ್ತಿದ್ದವು. ಕಾಗದ ಪಡೆಯಲು ಯಂತ್ರವೇ ಪ್ರತಿಯೊಂದು ದ್ವೀಪದ ಠಾಣೆಯನ್ನೂ ಕರೆಯುತ್ತಿತ್ತು; ಆ ಕರೆ ಸಿಕ್ಕಾಗ ಮಾತ್ರ ಕಾಗದ ದಾಟುತ್ತಿತ್ತು. ಅಲ್ಲಿಯವನು ಕೆಂಪು ಗುಂಡಿ ಒತ್ತಿದರೆ ‘ಬಿಡುವಿಲ್ಲ’ ಎಂದರ್ಥ. ಹತ್ತು ನಿಮಿಷದ ನಂತರ ಮತ್ತೆ ಕರೆ. ಉತ್ತರವೇ ಬಾರದಿದ್ದರೆ ಒಂದು ಗಂಟೆಯ ನಂತರ. ಐದು ಸಲ ಸುಮ್ಮನಿದ್ದರೆ ಆ ಠಾಣೆ ಮರುದಿನದವರೆಗೆ ಮೂಲೆಗೆ. ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಪಟ್ಟಿಯಲ್ಲಿ ತಿದ್ದಬಹುದಾಗಿತ್ತು. ಆ ದಿನ ಅವಳು ಗಮನವಿಟ್ಟು ಕಲಿತದ್ದು ಅದೊಂದನ್ನೇ.

ಐದು ವರ್ಷಗಳ ಹಿಂದೆ, ನೆಸ್ಟಾ ಪಟ್ಟಣದಲ್ಲಿ ಓದುತ್ತಿದ್ದಾಗ, ನಿಯೋಲಿಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ‘ಮಂಗಳವಾರದ ಹಡಗಿಗೆ ಬಾ’ ಎಂದು ಕಾಗದ ಬರೆಸಿದ್ದಳು. ಅದು ಫುಟ್‌ಬಾಲ್ ಪಂದ್ಯಗಳ ವಾರ. ಗೆಳೆಯರಿಂದ ಗೋಲಿನ ಸುದ್ದಿ ಕೇಳಲು ಫಿಲೆಮೋನ್ ಅದೇ ರೇಡಿಯೊ ಹಿಡಿದು ಕುಳಿತಿದ್ದ. ಯಂತ್ರ ಕರೆದಾಗಲೆಲ್ಲ ಕೆಂಪು ಗುಂಡಿ. ಹೀಗೆ ಮೂರು ದಿನ. ಕಾಗದ ಕೈ ಸೇರಿದ್ದು ಬುಧವಾರ. ಮುಂದಿನ ಹಡಗು ಮೂರು ವಾರಕ್ಕೆ. ಅವಳು ಊರು ತಲುಪುವಷ್ಟರಲ್ಲಿ ತಾಯಿಯ ಗೋರಿಯ ಸುತ್ತ ಬಿಳಿಯ ಹವಳದ ಕಲ್ಲುಗಳನ್ನೂ ಜೋಡಿಸಿ ಆಗಿತ್ತು.

ಫಿಲೆಮೋನ್ ಅಡಿಕೆ ಜಗಿಯುತ್ತಾ ಬಂದು, “ಏನ್ಮಾಡೋದಮ್ಮ, ಆ ವಾರ ಬಹಳ ಬ್ಯುಸಿ ಇದ್ದೆ,” ಎಂದಿದ್ದ.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಕೆಲಸಕ್ಕೆ ಸೇರಿದ ತಿಂಗಳೊಳಗೆ ನೆಸ್ಟಾ ನಿಯೋಲಿಯ ಸಾಲನ್ನು ತಿದ್ದಿದಳು. ದಿನಕ್ಕೆ ಒಂದೇ ಕರೆ, ಅದೂ ನಡು ಮಧ್ಯಾಹ್ನ. ಆ ಬಿಸಿಲಿನಲ್ಲಿ ರೇಡಿಯೊ ಅಲೆಗಳು ಸತ್ತು ಬರಿಯ ಸುಂಯ್ ಎಂಬ ಸದ್ದು ಉಳಿಯುವ ಹೊತ್ತು. ತಪ್ಪಿದರೆ ನಾಳೆ.

ಅದಾದ ಒಂಬತ್ತನೆಯ ಬೆಳಗ್ಗೆ ಫಿಲೆಮೋನ್ ರೇಡಿಯೊದಲ್ಲಿ ಕೂಗಿದ. “ಮಗಳೇ, ಕಾಗದಗಳೆಲ್ಲ ಇಲ್ಲೇ ಕೊಳೀತಾ ಬಿದ್ದಿವೆ!”

“ಹೌದಾ ಮಾವ? ಏನ್ಮಾಡೋದು, ಬಹಳ ಬ್ಯುಸಿ ಇದೀವಿ.”

“ಬರೀ ನಂದಲ್ಲ ಕಣೇ, ಇದ್ರಲ್ಲಿ—”

ಅವಳು ಗುಂಡಿ ತಿರುಗಿಸಿ ಅವನ ಬಾಯಿ ಮುಚ್ಚಿಸಿದಳು. ಅಂದು ಹುರಿದ ಮೀನೂ ಮರಗೆಣಸೂ ಎಂದಿಗಿಂತ ರುಚಿಯಾಗಿದ್ದವು.

ಹನ್ನೊಂದನೆಯ ದಿನ ಮೋಡ ಕವಿದು, ಮಧ್ಯಾಹ್ನದ ಕರೆಗೆ ಹೇಗೋ ದಾರಿ ಸಿಕ್ಕಿತು. ಕಾಗದಗಳ ಕಟ್ಟು ಧಬಧಬನೆ ಬಂದು ಬಿತ್ತು. ಮೊದಲನೆಯದೇ ನುಕಾಲೊದ ಲೋಸಾ ದೊಡ್ಡಮ್ಮನದು. ನುಕಾಲೊ ಅಂಗೈಯಗಲದ ದ್ವೀಪ. ಅಲ್ಲಿಯ ಪುಟ್ಟ ರೇಡಿಯೊ ನಿಯೋಲಿಯವರೆಗೆ ಮಾತ್ರ ಮುಟ್ಟುತ್ತಿತ್ತು. ಮುಂದಕ್ಕೆ ದಾಟಿಸಬೇಕಾದವನು ಫಿಲೆಮೋನ್. ಪಟ್ಟಿಯಲ್ಲಿ ನುಕಾಲೊದ ಹೆಸರೇ ಇರಲಿಲ್ಲ. ಅದು ನೆಸ್ಟಾಳಿಗೆ ಮರೆತೇ ಹೋಗಿತ್ತು.

‘ನರ್ಸಮ್ಮನಿಗೆ: ರಕ್ತದೊತ್ತಡದ ಮಾತ್ರೆ ಮುಗಿದಿದೆ. ತಲೆ ತಿರುಗುತ್ತದೆ. ಮಂಗಳವಾರದ ಹಡಗಿಗೆ ಕಳಿಸಿ.’

ಅಂದು ಗುರುವಾರ.

ನೆಸ್ಟಾ ನುಕಾಲೊಗೆ ಹತ್ತಿರದ ಲಾಟಾ ಊರಿನ ಆಸ್ಪತ್ರೆಯವರನ್ನು ರೇಡಿಯೊದಲ್ಲಿ ಕೂಗಿ ಕೂಗಿ ಕರೆದು, ಮೋಟಾರು ದೋಣಿಯಲ್ಲಿ ಮಾತ್ರೆ ಕಳಿಸಿದಳು. ದೊಡ್ಡಮ್ಮ ಬದುಕಿಕೊಂಡಳು, ಎಡಗೈ ಮಾತ್ರ ಮೊದಲಿನಂತೆ ಆಡಲಿಲ್ಲ.

ಕಾಸ್ಮಾಸ್ ಪಟ್ಟಿಯನ್ನು ನೋಡಿದ, ಬೈಯಲಿಲ್ಲ. “ಒಬ್ಬನ ಕತ್ತು ಹಿಸುಕೋಕೆ ಹೋಗಿ ಅವನ ಬೆನ್ನ ಹಿಂದೆ ಇದ್ದೋರ ಉಸಿರು ಕಟ್ಟಿಸಿದ್ಯಲ್ಲಮ್ಮ. ಸರಿ ಮಾಡು.”

ಅವಳು ಸರಿಮಾಡಿದಳು. ಆದರೆ ಎದೆಯ ಮುಳ್ಳು ಇದ್ದಲ್ಲೇ ಇತ್ತು. ಹೊಸದಾಗಿ ಬರೆದದ್ದು ಹೀಗೆ: ನಿಯೋಲಿಗೆ ಬೆಳಗಿನಿಂದ ಸಂಜೆಯವರೆಗೆ ಐದೈದು ನಿಮಿಷಕ್ಕೆ ಕರೆ. ಕೆಂಪು ಗುಂಡಿ ಒತ್ತಿದರೆ ಒಂದೇ ನಿಮಿಷಕ್ಕೆ ಮತ್ತೆ. ಉತ್ತರ ಕೊಡದಿದ್ದರೆ, ಕೊಡುವವರೆಗೆ ಅವನ ರೇಡಿಯೊದ ಗಂಟೆ ಬಾರಿಸುವುದು ನಿಲ್ಲದು.

ವಾರದೊಳಗೆ ಫಿಲೆಮೋನ್ ಅಳುವುದೊಂದು ಬಾಕಿ. “ಅಮ್ಮಾ ತಾಯಿ, ಮೀನು ಹಿಡಿಯೋಕೆ ಹೋಗೋ ಹಾಗಿಲ್ಲ! ಊರೋರೆಲ್ಲ ಗಂಟೆ ಫಿಲೆಮೋನ್ ಅಂತಾರೆ. ಊಟಕ್ಕಾದ್ರೂ ಬಿಡೇ!”

“ಊಟ ಮಾಡು ಮಾವ, ಯಾರು ಬೇಡ ಅಂದ್ರು? ಒಂದು ಕೈ ಯಂತ್ರದ ಹತ್ರ ಇರ್ಲಿ.”

“ಇನ್ನೂ ಎಷ್ಟು ದಿನ ಹೀಗೆ?”

“ಅಮ್ಮ ಮೂರು ದಿನ ಕಾದಳು. ಅವಳನ್ನೇ ಕೇಳು.”

ಈಗ ಕಾಸ್ಮಾಸ್ ನಿವೃತ್ತನಾಗಿದ್ದಾನೆ. ಆ ಕೊಠಡಿಗೆ ನೆಸ್ಟಾಳೇ ಹಿರಿಯಳು. ನಿಯೋಲಿಯ ಮತ್ತು ನುಕಾಲೊದ ಕಾಗದಗಳು ಎಲ್ಲರಿಗಿಂತ ಮೊದಲು ಬರುತ್ತವೆ. ಫಿಲೆಮೋನ್‌ನಂಥ ನಿಷ್ಠಾವಂತ ಇನ್ನೊಬ್ಬನಿಲ್ಲ ಎಂದು ಜನ ಹೊಗಳಿದಾಗ ಅವಳಿಗೆ ಮೈ ಉರಿಯುತ್ತದೆ.

ಹೋದ ವರ್ಷ ಅವನು ಮೆಲ್ಲಗೆ ಕೇಳಿದ. “ಮಂಗಳವಾರ ಒಂದು ಗಂಟೆ ಹೊತ್ತು ಬಿಡ್ತೀಯಾ? ನಿಮ್ಮಮ್ಮನ ಗೋರಿ ಮೇಲೆ ಕಳೆ ಬೆಳೆದಿದೆ.”

ಅಂದಿನಿಂದ ಅವಳು ಪ್ರತಿ ಮಂಗಳವಾರ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ನಿಯೋಲಿಯ ಸಾಲಿನ ಮುಂದೆ ತಾನೇ ‘ಬಿಡುವಿಲ್ಲ’ ಎಂದು ಬರೆದು, ಗಡಿಯಾರ ನೋಡುತ್ತಾ ಕೂರುತ್ತಾಳೆ. ಒಂಬತ್ತು ಹೊಡೆಯುತ್ತಲೇ ಕರೆಯ ಗುಂಡಿಯನ್ನು ತನ್ನ ಕೈಯಾರೆ ಒತ್ತುತ್ತಾಳೆ. ಒಂದು ನಿಮಿಷವೂ ಹೆಚ್ಚು ಕೊಟ್ಟಿಲ್ಲ.