ಹುಲ್ಲಿನ ಯಂತ್ರ ಆರಿಸಿದ್ದು

ಯಾವ ವಸ್ತುವನ್ನೇ ಆಗಲಿ, ಅದರ ಬಗ್ಗೆ ಓದದೆ ಕೊಳ್ಳುವುದು ನನ್ನಿಂದ ಆಗದು. ಬಹಳ ವರ್ಷ ಇದನ್ನು ಒಂದು ಗುಣವೆಂದೇ ತಿಳಿದಿದ್ದೆ. ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಬೇರಿಂಗು ಬೇಕೆಂದರೂ ಬೋಲ್ಟು ಬೇಕೆಂದರೂ ಮೊದಲು ಕ್ಯಾಟಲಾಗು ತೆರೆಯಬೇಕು, ಬೆರಳಿಟ್ಟು ಸಾಲು ಹುಡುಕಬೇಕು, ಆಮೇಲೆ ಕಪಾಟಿಗೆ ಕೈ ಹಾಕಬೇಕು. ಈ ಅಭ್ಯಾಸ ಮನೆಗೂ ಬಂತು. ಪ್ರೆಶರ್ ಕುಕ್ಕರ್ ತಂದ ದಿನ ಅದರ ಜೊತೆ ಬಂದ ಪುಸ್ತಿಕೆಯನ್ನು ಓದಿ ಮುಗಿಸುವ ತನಕ ಹೆಂಡತಿಗೆ ಅದನ್ನು ಮುಟ್ಟಗೊಡಲಿಲ್ಲ. ಆಕೆ ಹಳೆಯ ಬೋಗುಣಿಯಲ್ಲೇ ಅನ್ನ ಮಾಡಿ, ಬಡಿಸಿ, "ಉಂಡು ಪರೀಕ್ಷಾಕ್ಕ ಕುಂದರ್ರಿ" ಅಂದಿದ್ದಳು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ನನ್ನ ವಯಸ್ಸಿನವರನ್ನು ಯಾರೂ ಹೊಸದಾಗಿ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆ ದಿನಗಳಲ್ಲಿ ಯೆರವಡಾದಲ್ಲಿ ನಾವಿದ್ದ ಸಾಲುಮನೆಗಳ ಚಾಳಿನ ಆಚೆಗೆಲ್ಲ ಹೊಸ ಹೊಸ ವಸತಿ ಸೊಸೈಟಿಗಳು ಏಳುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಗೇಟು, ಒಬ್ಬ ಕಾವಲುಗಾರ, ಒಂದು ತುಂಡು ಲಾನು. ಈ ಲಾನನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ನನಗೆ ಹುಲ್ಲಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನೀಲವ್ವ.

ನೀಲವ್ವ ಇಂಡಿ ತಾಲೂಕಿನ ಕಡೆಯವಳು. ಹರೆಯದಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಗಂಡ ತೀರಿಕೊಂಡ ಮೇಲೆ ಬಂಗಲೆಗಳಲ್ಲಿ ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದಳು. ನಮ್ಮ ಚಾಳಿನ ನಲ್ಲಿಯ ಹತ್ತಿರ ಕನ್ನಡದಲ್ಲಿ ಮಾತಾಡುವವರು ನಮ್ಮ ಮನೆಯವರು ಮತ್ತು ಆಕೆ ಮಾತ್ರ ಆದ್ದರಿಂದ ಪರಿಚಯವಾಗಿತ್ತು. ಆಕೆಗೆ ಹುಲ್ಲು ಗೊತ್ತಿತ್ತು, ನನಗೆ ಅರ್ಜಿ ಬರೆಯುವುದು ಗೊತ್ತಿತ್ತು. ನಮ್ಮ ವ್ಯವಹಾರ ಇಷ್ಟರಿಂದಲೇ ಶುರುವಾಯಿತು.

ಹುಲ್ಲಿನ ಬಗ್ಗೆ ಆಕೆ ಹೇಳಿಕೊಟ್ಟ ಮೊದಲ ಪಾಠ ನನಗೆ ಇನ್ನೂ ನೆನಪಿದೆ. ಚೌತಿಯ ದಿನ ನಾವು ಇಪ್ಪತ್ತೊಂದು ಎಣಿಸಿ ಗಣಪತಿಯ ತಲೆಗೆ ಏರಿಸುವ ಕರಿಕಿ, ವಿದೇಶಿ ಹುಲ್ಲಿನ ಲಾನಿನಲ್ಲಿ ತಲೆಯೆತ್ತಿದರೆ ಕಳೆ. ಅದನ್ನು ಬೇರುಸಹಿತ ಕೀಳಬೇಕು. ಅದೇ ಕರಿಕಿ, ಅದೇ ಮಣ್ಣು. ಹುಲ್ಲಿಗೂ ಮರ್ಯಾದೆ ಸಿಗುವುದು ಅದು ಯಾರ ಅಂಗಳದಲ್ಲಿ ಹುಟ್ಟಿತು ಎನ್ನುವುದರ ಮೇಲೆ. ನೀಲವ್ವ ಮಾತ್ರ ಕಿತ್ತ ಕರಿಕಿಯನ್ನು ಎಸೆಯುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಗುಡಿಗೆ ಕೊಟ್ಟು ಬರುತ್ತಿದ್ದಳು.

ಲಾನಿನ ನಡುಭಾಗಕ್ಕೆ ನಮ್ಮಲ್ಲೊಂದು ತಳ್ಳುವ ಗಾಡಿಯಂಥ ಯಂತ್ರವಿತ್ತು. ಅದು ಬಯಲಿನಲ್ಲಿ ಶೂರ, ಮೂಲೆಯಲ್ಲಿ ಹೇಡಿ. ಗೋಡೆಯ ಬುಡ, ಮರದ ಸುತ್ತು, ಮೆಟ್ಟಿಲ ಪಕ್ಕ, ಹೂಕುಂಡಗಳ ಸಂದು, ಇಲ್ಲೆಲ್ಲ ಹುಲ್ಲು ಹಾಗೇ ಉಳಿಯುತ್ತಿತ್ತು. ಅಲ್ಲಿ ನೀಲವ್ವ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕುಳಿತು, ಏಳದೆ, ಕೂತಲ್ಲಿಂದಲೇ ಒಂದೊಂದು ಗೇಣು ಮುಂದೆ ಸರಿಯುತ್ತ ಇಡೀ ಸೊಸೈಟಿಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ಸಂಜೆ ಏಳುವಾಗ ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಬಾಗಿಯೇ ನಿಲ್ಲುತ್ತಿದ್ದಳು. ನಾನದನ್ನು ದಿನವೂ ನೋಡುತ್ತಿದ್ದೆ. ದಿನವೂ ನೋಡುವುದರಿಂದಲೇ ಕಾಣದೆ ಹೋಗುವ ಸಂಗತಿಗಳಲ್ಲಿ ಅದೂ ಒಂದು.

ಐದಾರು ಸೊಸೈಟಿಗಳ ಕೆಲಸ ಸಿಕ್ಕಮೇಲೆ ಕುಡುಗೋಲು ಸಾಲದಾಯಿತು. ಉದ್ದನೆಯ ಕೊಳವೆ, ಒಂದು ತುದಿಗೆ ಪೆಟ್ರೋಲ್ ಇಂಜಿನ್ನು, ಇನ್ನೊಂದು ತುದಿಯಲ್ಲಿ ಗರಗರನೆ ತಿರುಗಿ ಹುಲ್ಲನ್ನು ಹೊಡೆದು ಕತ್ತರಿಸುವ ನೈಲಾನ್ ದಾರ. ಹೀಗೊಂದು ಯಂತ್ರ ಬಂದಿದೆಯೆಂದು ಯಾರೋ ಹೇಳಿದರು. ಭವಾನಿ ಪೇಟೆಯ ಅಂಗಡಿಗಳಿಂದ ಕ್ಯಾಟಲಾಗುಗಳನ್ನು ತಂದೆ. ನನ್ನ ಆನಂದಕ್ಕೆ ಪಾರವಿರಲಿಲ್ಲ. ಇಂಜಿನ್ನಿನ ಶಕ್ತಿ, ಪೆಟ್ರೋಲ್ ಟಾಕಿಯ ಅಳತೆ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಹಳೆಯ ಲೆಡ್ಜರಿನಲ್ಲಿ ಗೆರೆ ಹೊಡೆದು ಬರೆದೆ. ಹದಿನೈದು ದಿನ ಯೋಚಿಸಿ, ಎಲ್ಲಕ್ಕಿಂತ ಬಲಶಾಲಿಯಾದದ್ದನ್ನು ಆರಿಸಿದೆ. ಅದಕ್ಕೆ ದಾರವನ್ನೂ ಹಾಕಬಹುದು, ಉಕ್ಕಿನ ಚಕ್ರವನ್ನೂ ಹಾಕಬಹುದು. ಎರಡು ಕೆಲಸ ಮಾಡುವ ವಸ್ತು ಒಂದಕ್ಕಿಂತ ಮೇಲು ಎನ್ನುವುದು ಉಗ್ರಾಣದ ಗುಮಾಸ್ತನ ವೇದಾಂತ.

ಯಂತ್ರ ಮನೆಗೆ ಬಂತು. ಎತ್ತಿ ನೋಡಿದರೆ ನನ್ನ ಹೆಗಲು ಜಗ್ಗಿತು. ನೀಲವ್ವ ದೂರದಿಂದಲೇ ನೋಡಿ, "ಇದನ್ನ ಹೊರಾವ್ರು ಯಾರ್ರಿ?" ಎಂದು ಕೇಳಿದಳು. ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳೋಣ ಎಂದೆ. ಮೊದಲು ಯಂತ್ರ ಆರಿಸಿ, ಆಮೇಲೆ ಅದಕ್ಕೆ ಹೊಂದುವ ಮನುಷ್ಯನನ್ನು ಹುಡುಕಿದೆ, ಬೋಲ್ಟಿಗೆ ನಟ್ಟು ಹುಡುಕಿದ ಹಾಗೆ.

ಸಿಕ್ಕವನು ಮಾರುತಿ. ದೌಂಡ ಕಡೆಯ ಮರಾಠಿ ಮನುಷ್ಯ, ಮೂವತ್ತೈದರ ಆಸುಪಾಸು. ಕಬ್ಬು ಕಡಿದು ಗಟ್ಟಿಯಾದ ತೋಳು, ಹೇಳಿದ್ದನ್ನು ತಲೆಬಾಗಿಸಿ ಕೇಳುವ ಸ್ವಭಾವ. ಒಂದು ವಾರದಲ್ಲಿ ಯಂತ್ರ ಅವನ ಕೈಗೆ ಒಗ್ಗಿತು. ಅವನು ಕತ್ತರಿಸುತ್ತ ಹೋದಂತೆ ನೀಲವ್ವ ಹಿಂದಿನಿಂದ ಹುಲ್ಲು ಬಳಿದು ಮೂಟೆ ಕಟ್ಟುತ್ತಿದ್ದಳು.

ಶ್ರಾವಣದಲ್ಲಿ ಮಳೆ ಬಿಡದೆ ಹಿಡಿಯಿತು. ಒದ್ದೆ ಹುಲ್ಲು ಯಂತ್ರದ ತುದಿಯ ಗಾರ್ಡಿನೊಳಗೆ ಮೆತ್ತಿಕೊಂಡು ಮತ್ತೆ ಮತ್ತೆ ಕೆಲಸ ನಿಲ್ಲುತ್ತಿತ್ತು. ಗಾರ್ಡು ಎಂದರೆ ಕಲ್ಲು ಕಸ ಹಾರದಂತೆ ಅಡ್ಡ ಇರುವ ತಗಡು. ಸ್ವಾತಂತ್ರ್ಯ ದಿನಕ್ಕೆ ಸೊಸೈಟಿಯ ಲಾನು ಚೊಕ್ಕವಾಗಿರಬೇಕೆಂದು ಸೆಕ್ರೆಟರಿ ಎರಡು ಸಲ ಹೇಳಿ ಕಳಿಸಿದ್ದರು. ಹಿಂದಿನ ದಿನ ಬೆಳಿಗ್ಗೆ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಗಾರ್ಡನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಹಾಗೆ ಮಾಡಬಾರದೆಂದು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನದನ್ನು ಓದಿದ್ದೆ. ಓದಿ, ಪೆನ್ಸಿಲ್ಲಿನಿಂದ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಹತ್ತು ಗಂಟೆಯ ಸುಮಾರಿಗೆ, ನೀಲವ್ವ ಯಂತ್ರದ ಎದುರಿನ ಬದಿಯಲ್ಲಿ ಕೂತು ಮೂಟೆ ಕಟ್ಟುತ್ತಿದ್ದಾಗ, ಗೋಡೆಯ ಬುಡದಲ್ಲಿ ಉಕ್ಕಿನ ಚಕ್ರಕ್ಕೆ ಜಲ್ಲಿಕಲ್ಲೊಂದು ತಾಗಿ ಸಿಡಿಯಿತು. ಏನಾಯಿತೆಂದು ತಿಳಿಯುವ ಮೊದಲೇ ನೀಲವ್ವ ಹುಲ್ಲಿನ ಮೂಟೆಯ ಮೇಲೆ ಕುಸಿದಿದ್ದಳು. ಕಣ್ಣಿನ ಮೇಲೆ ಒತ್ತಿಕೊಂಡ ಸೆರಗು ಕೆಂಪಾಗುತ್ತಿತ್ತು. ಮಾರುತಿ ಯಂತ್ರವನ್ನು ಕೆಳಗಿಟ್ಟು, ಆಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟಿನ ಕಡೆ ಓಡಿದ. ರಿಕ್ಷಾ ಹಿಡಿಯುವುದಷ್ಟೇ ನನ್ನ ಪಾಲಿಗೆ ಉಳಿದ ಕೆಲಸ.

ಹುಬ್ಬಿನ ಎಲುಬಿಗೆ ಏಟು ಬಿದ್ದಿತ್ತು. ಎಡಗಣ್ಣಿನ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಮರುದಿನ ಸೊಸೈಟಿಗೆ ಹೋದಾಗ ಸೆಕ್ರೆಟರಿ ಹೇಗಾಯಿತೆಂದು ವಿಚಾರಿಸಿದರು. ನಾನು ಕಲ್ಲು ಹಾರಿತು ಎಂದೆ. ಹಳ್ಳಿಯವರ ಕೈಗೆ ಯಂತ್ರ ಕೊಟ್ಟರೆ ಇನ್ನೇನಾದೀತು, ಅವನನ್ನು ಕೆಲಸದಿಂದ ಬಿಡಿಸಿಬಿಡಿ ಎಂದರು ಅವರು. ಮಾರುತಿ ನಾಲ್ಕು ಹೆಜ್ಜೆ ದೂರದಲ್ಲಿ ಧ್ವಜದ ಕಂಬಕ್ಕೆ ಹಗ್ಗ ಕಟ್ಟುತ್ತಿದ್ದ. ಅವನಿಗೆ ಕೇಳಿಸಿತು. ಅದೊಂದು ವಾಕ್ಯಕ್ಕೆ ಉತ್ತರ ಕೊಡಲು ನನಗೆ ಅರ್ಧ ನಿಮಿಷ ಸಮಯವಿತ್ತು. ಆ ಅರ್ಧ ನಿಮಿಷವನ್ನು ಛತ್ರಿ ಮಡಚುವುದರಲ್ಲಿ ಕಳೆದೆ.

ಮಾರುತಿ ಎರಡು ಭಾನುವಾರ ಪೇರಲ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಬಂದ. ನೀಲವ್ವನ ಹಾಸಿಗೆಯ ಬಳಿ ಕೂತು ಹೋದ. ಮೂರನೆಯ ಭಾನುವಾರ ಬರಲಿಲ್ಲ. ಊರಿಗೆ ಹೋದನೆಂದು ತಿಳಿಯಿತು.

ಪಟ್ಟಿ ಬಿಚ್ಚಿದ ದಿನ ಕಣ್ಣು ಉಳಿದಿತ್ತು. ಆದರೆ ಹೊರಗಿನ ಅಂಚಿಗೆ ಮಂಜು ಕವಿದಂತೆ ಕಾಣುವುದು ಹಾಗೇ ಇರುತ್ತದೆ ಎಂದರು. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಾಗ, ಇನ್ನು ತಡೆಯಲಾಗದೆ, ಗಾರ್ಡು ಬಿಚ್ಚಿದವನು ನಾನು, ಮಾರುತಿಯಲ್ಲ ಎಂದು ನೀಲವ್ವನಿಗೆ ಹೇಳಿದೆ.

"ನಾ ಅವತ್ತ ನೋಡೀನ್ರಿ, ನೀವು ಸ್ಕ್ರೂ ಬಿಚ್ಚೂದು," ಎಂದಳು. "ಯಾವಾಗ ಹೇಳ್ತಾರೋ ಅಂತ ಕಾಯಾಕತ್ತಿದ್ದೆ. ನನಗ ಹೇಳಿದ್ರಿ, ಛಲೋ ಆತು. ಅವಗ ಹೇಳಬೇಕಲ್ರಿ."

ಮರುದಿನ ಬೆಳಿಗ್ಗೆ ಸೆಕ್ರೆಟರಿಗೆ ನಡೆದದ್ದನ್ನು ಹೇಳಿ, ದೌಂಡದ ಪ್ಯಾಸೆಂಜರ್ ಗಾಡಿ ಹತ್ತಿದೆ. ಜೀವನದಲ್ಲಿ ನಾನು ಏನೂ ಓದದೆ ಮಾಡಿದ ಏಕೈಕ ರೈಲು ಪ್ರಯಾಣ ಅದು. ಜಂಕ್ಷನ್ನಿನ ಆಚೆ ಎರಡು ಮೈಲಿ ನಡೆದು ಅವನ ಮನೆ ಕಂಡುಹಿಡಿದೆ. ಮಾರುತಿ ಕಬ್ಬಿನ ಸಾಲಿನಲ್ಲಿ ನೀರು ತಿರುಗಿಸುತ್ತಿದ್ದ. ಸೆಕ್ರೆಟರಿಗೆ ಎಲ್ಲ ಹೇಳಿ ಬಂದಿದ್ದೇನೆ, ತಪ್ಪು ನನ್ನದು, ವಾಪಸು ಬಾ ಎಂದು ಮರಾಠಿಯಲ್ಲಿ ಹೇಳಿದೆ. ಅವನು ಸಲಿಕೆ ಊರಿ ನಿಂತು ಕೇಳಿದ. ಅವನ ಮೊದಲ ಪ್ರಶ್ನೆ ಕಣ್ಣಿನದು. ಉಳಿಯಿತು ಎಂದಾಗ ಅವನ ಮುಖ ಸಡಿಲಾಯಿತು. ವಾಪಸು ಬರುವುದಿಲ್ಲ, ಆ ಯಂತ್ರವನ್ನು ಇನ್ನು ಮುಟ್ಟಲಾರೆ ಎಂದ. ಹೊರಡುವಾಗ ಒಂದು ಬೆಲ್ಲದ ಅಚ್ಚು ಕೊಟ್ಟ, ನೀಲವ್ವನಿಗೆಂದು. ನನಗೆಂದು ಏನೂ ಕೊಡಲಿಲ್ಲ. ಅದು ನ್ಯಾಯವೇ ಆಗಿತ್ತು.

ದೊಡ್ಡ ಯಂತ್ರವನ್ನು ಅಂಗಡಿಗೆ ಹಿಂದಿರುಗಿಸಿದೆ. ಕುಡುಗೋಲಿಗೇ ಮರಳೋಣ ಎಂದು ನೀಲವ್ವನಿಗೆ ಹೇಳಿದೆ. ಆಕೆ ಒಪ್ಪಲಿಲ್ಲ. ಮೊಣಕಾಲು ಇನ್ನು ಮಡಚುವುದಿಲ್ಲ, ಯಂತ್ರ ಬೇಕು, ಆದರೆ ಅದನ್ನು ತಾನೇ ಹಿಡಿಯುತ್ತೇನೆ ಎಂದಳು. ನನಗೆ ಗಾಬರಿಯಾಯಿತು. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ.

"ಆಗ್ತದ್ರಿ," ಎಂದಳು. "ಖರೆ ಅದರ ಮುಂದ ಕುಂದರೂದಕ್ಕಿಂತ ಹಿಂದ ನಿಂದರೂದು ಛಲೋ ಅಲ್ಲೇನ್ರಿ?"

ಈ ಸಲ ಇಬ್ಬರೂ ಭವಾನಿ ಪೇಟೆಗೆ ಹೋದೆವು. ಅಂಗಡಿಯವನು ನನ್ನ ಮುಖ ನೋಡಿಯೇ ಮಾತಾಡುತ್ತಿದ್ದ. ಶಕ್ತಿ, ಸುತ್ತು, ಟಾಕಿ, ನಾನು ಗೆರೆ ಹೊಡೆದು ಬರೆದುಕೊಂಡ ಅದೇ ಮಂತ್ರ. ನೀಲವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೊಂದೇ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಫುಟ್‌ಪಾತಿನ ತುದಿಯವರೆಗೆ ನಡೆದು ಬಂದಳು. ಹಗ್ಗವನ್ನು ತಾನೇ ಎಳೆದು ಚಾಲೂ ಮಾಡಿದಳು. ಐದು ಸಲ ಎಳೆದರೂ ಕೆಮ್ಮಿ ಸುಮ್ಮನಾದ ಒಂದನ್ನು ಗೋಡೆಗೆ ಒರಗಿಸಿದಳು. ಆಮೇಲೆ ಅಂಗಡಿಯವನಿಗೆ, ನಿಲ್ಲು ಅಂದರೆ ಇದು ನಿಲ್ಲುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು.

ಅಂಗಡಿಯವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನೀಲವ್ವ ತೋರಿಸಿಕೊಟ್ಟಳು. ಗುಂಡಿಯಿಂದ ಬೆರಳು ತೆಗೆದಮೇಲೂ ತುದಿಯ ದಾರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಆಕೆ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತಿದ್ದಳು. ಒಂದು ಯಂತ್ರ ಒಂಬತ್ತರವರೆಗೆ ತಿರುಗಿತು, ಇನ್ನೊಂದು ನಾಲ್ಕಕ್ಕೇ ನಿಂತಿತು. ನಾನು ತಲೆತಗ್ಗಿಸಿದೆ. ಹದಿನೈದು ದಿನ ಕ್ಯಾಟಲಾಗು ಓದಿದವನು ಅದು ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನೆಲ್ಲ ಬರೆದಿದ್ದೆ. ಎಷ್ಟು ಬೇಗ ನಿಲ್ಲುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ.

ಕೊನೆಗೆ ಎರಡು ಉಳಿದವು, ತೂಕದಲ್ಲಿ ಸರಿಸಮ. ನೀಲವ್ವ ಒಂದರ ಗಾರ್ಡನ್ನು ಅಲುಗಾಡಿಸುತ್ತ, ಇದನ್ನು ಬಿಚ್ಚಲು ಬರುತ್ತದೆಯೇ ಎಂದು ಕೇಳಿದಳು. ಅಂಗಡಿಯವನು ಉತ್ಸಾಹದಿಂದ, ಒಂದೇ ಸ್ಕ್ರೂ, ಯಾರು ಬೇಕಾದರೂ ಬಿಚ್ಚಬಹುದು ಎಂದ. ಆಕೆ ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಆಕೆಯ ದೊಡ್ಡತನ.

ಹಾಗೆ ಬಂದದ್ದು ಚಿಕ್ಕ ಯಂತ್ರ. ಬರೀ ದಾರದ್ದು, ಉಕ್ಕಿನ ಚಕ್ರ ಅದಕ್ಕೆ ಹೊಂದುವುದೂ ಇಲ್ಲ. ಆಕೆಗೆ ಕಣ್ಣು ಕಾಯುವ ಕನ್ನಡಕ, ಮೊಣಕಾಲಿನವರೆಗೆ ದಪ್ಪ ಬಟ್ಟೆ. ನನಗೆ ಹೊಸ ಕೆಲಸ: ಮೊದಲು ಇಡೀ ಅಂಚನ್ನು ನಡೆದು ಕಲ್ಲು ಆರಿಸುವುದು, ಆಮೇಲೆ ಹತ್ತಿರ ಯಾರೂ ಬರದಂತೆ ನಿಂತು ಕಾಯುವುದು. ಆ ವರ್ಷ ನನ್ನ ಸೊಂಟಕ್ಕೆ ನೀಲವ್ವನ ಸೊಂಟದ ಕಷ್ಟ ಅರ್ಥವಾಯಿತು.

ಇದೇ ಕೆಲಸ ಶುರುಮಾಡುವ ಕೆಲವರು ಈಗಲೂ ನನ್ನನ್ನು ಹುಡುಕಿಕೊಂಡು ಬಂದು, ಯಾವ ಯಂತ್ರ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಹೊರುವವರನ್ನು ಅಂಗಡಿಯ ಒಳಗೆ ಕಳಿಸಿ, ನೀವು ಹೊರಗೆ ನಿಂತು ಚಹಾ ಕುಡಿಯಿರಿ ಎನ್ನುತ್ತೇನೆ. ಇದು ತಮಾಷೆಯೆಂದು ತಿಳಿದು ನಗುತ್ತಾರೆ.

ಹೊಸ ಯಂತ್ರದ ಮೊದಲ ದಿನ ಒಂದು ಬಂಗಲೆಗೆ ಹೋಗಿದ್ದೆವು. ನೀಲವ್ವ ಆರು ವರ್ಷ ಬೇಲಿಯ ಬುಡದಲ್ಲಿ ಕೂತು ಹುಲ್ಲು ಕೊಯ್ದ ಮನೆ ಅದು. ದಾಸವಾಳದ ಬೇಲಿಯ ಪಕ್ಕ ಕೆಲಸ ನಡೆದಿತ್ತು. ಅರ್ಧ ಆಗುವಷ್ಟರಲ್ಲಿ ಯಂತ್ರ ತಟ್ಟನೆ ನಿಂತಿತು. ನಾನು ಓಡಿದೆ. ನೀಲವ್ವ ನೆಟ್ಟಗೆ ನಿಂತು ಬೇಲಿಯ ಮೇಲಿಂದ ವರಾಂಡದ ಕಡೆ ನೋಡುತ್ತಿದ್ದಳು. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಆ ಮನೆಯ ಅಜ್ಜಿ ಕೂತು ಇವಳನ್ನೇ ನೋಡುತ್ತಿದ್ದರು. ಅಜ್ಜಿ ಕೈಯೆತ್ತಿದರು. ಇವಳೂ ಎತ್ತಿದಳು.

"ಈ ಅಜ್ಜ್ಯಾರ ಚಪ್ಪಲಿ ಆರು ವರ್ಷದಿಂದ ಗೊತ್ರಿ ನನಗ," ಎಂದಳು ನೀಲವ್ವ. "ಮಾರಿ ಇವತ್ತ ನೋಡಿದೆ."