ಬಾಸ್ ಊದುತ್ತಿದ್ದ ಸಾಬರು

ಶಿರಾದಲ್ಲಿ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ನುಡಿಸುತ್ತಿದ್ದ ಬ್ಯಾಂಡಿನಲ್ಲಿ ಸಾಬರದು ಬಾಸ್, ಹೆಗಲಿಗೇರಿಸಿ ಊದುವ ಹಿತ್ತಾಳೆಯ ದೊಡ್ಡ ಕಹಳೆ. ಅದರಿಂದ ಬರುತ್ತಿದ್ದದ್ದು ಭೋಂ, ಭೋಂ ಅಷ್ಟೇ. ರಾಗವೆಲ್ಲ ಪಕ್ಕದಲ್ಲಿ ನಿಂತ ಗೆಳೆಯನ ಕ್ಲಾರಿಯೊನೆಟ್ಟಿನದು. ಅವನು ರಾಗ ಎತ್ತಿದ ಕೂಡಲೇ ಇವರು ಆ ಕಡೆ ತಿರುಗಿ ತಲೆದೂಗುತ್ತಿದ್ದರು.

“ನೀವೂ ಒಂದ್ ಹಾಡು ಊದಿ ಸಾಬ್ರೇ” ಎಂದರೆ, “ಹಾಡು ಅವಂದು ಕಣಪ್ಪಾ, ನಂದು ಬರೀ ನಡಿಗೆ” ಎನ್ನುತ್ತಿದ್ದರು.

ಗೆಳೆಯ ತೀರಿಕೊಂಡ ಮೇಲೆ ಬ್ಯಾಂಡು ನಿಂತುಹೋಯಿತು. ಆ ವರ್ಷ ಗಣೇಶನ ಮುಂದೆ ಅವರೊಬ್ಬರೇ ಬಂದು ಊದತೊಡಗಿದರು. ಭೋಂ, ಭೋಂ. ಜನವೆಲ್ಲ ನಕ್ಕರು. “ಸಾಕು ಬುಡಿ ಸಾಬ್ರೇ!” ಎಂದು ಯಾರೋ ಕೂಗಿದರು. ಅವರು ನಿಲ್ಲಿಸಲಿಲ್ಲ. ರಾಗ ಬರಬೇಕಾದ ಕಡೆ ಪಕ್ಕಕ್ಕೆ ತಿರುಗಿ, ಖಾಲಿ ಜಾಗಕ್ಕೆ ತಲೆದೂಗಿದರು.

ಅದು ಯಾವ ಹಾಡೆಂದು ನಮ್ಮಲ್ಲೊಬ್ಬರೂ ಕೇಳಲಿಲ್ಲ.