ಧಾರಾವಾಹಿಯಲ್ಲಿ ನನ್ನ ಮುಖ

ನಮ್ಮ ನಡುಮನೆಯೇ ನನ್ನ ಅಕ್ಕಸಾಲಿ ಕೆಲಸದ ಮನೆ. ಬೆಳಕಿಲ್ಲದೆ ಓಲೆ, ಮೂಗುತಿಗಳ ಬೆಸುಗೆ ಆಗುವುದಿಲ್ಲವೆಂದು ನಮ್ಮಪ್ಪ ಪಾಂಡವಪುರದ ಈ ಮನೆಗೆ ಬಾಗಿಲಿಗಿಂತ ಅಗಲವಾದ ಕಿಟಕಿ ಇಡಿಸಿದ್ದರು. ಅದರ ಕೆಳಗೆ ಕೂತು, ಊದುಕೊಳವೆಯಿಂದ ದೀಪದ ಉರಿಯನ್ನು ಬೆಸುಗೆಯತ್ತ ಊದುತ್ತ, ನಾನೂ ಊರಿನ ಮೂಗುಗಳ ಸೇವೆ ಮಾಡಿಕೊಂಡು ಬಂದಿದ್ದೇನೆ. ಹೋದ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಅವಳ ಮಂಚವೂ ನಡುಮನೆಗೆ ಬಂತು. ಪ್ಲಾಸ್ಟರು ಬಿಚ್ಚುವವರೆಗೆ ಅವಳ ಪ್ರಪಂಚವೆಂದರೆ ಎದುರು ಗೋಡೆಯ ಟೀವಿ. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಕಿಟಕಿಯ ಬಿಸಿಲು ಅದರ ಮೇಲೆ ಬೀಳುತ್ತಿತ್ತು.

"ಏನ್ರೀ, ಸೊಸೆ ಅಳ್ತಾವ್ಳೋ, ನೀವು ಕೊಳ್ವೆ ಊದ್ತಾ ಇದ್ದೀರೋ, ಒಂದೂ ಗೊತ್ತಾಯ್ತಾ ಇಲ್ಲ."

ಎದ್ದು ಮಂಚದ ಬಳಿ ಹೋಗಿ ನೋಡಿದೆ. ಸೊಸೆಯ ಮುಖದ ಮೇಲೆ ಕಬ್ಬಿಣದ ಸರಳುಗಳು.

"ಪಾಪ, ಜೈಲ್ಗೆ ಹಾಕ್ಬುಟ್ರಾ?"

"ಅದು ನಮ್ಮನೆ ಕಿಟ್ಕಿ ಕಣ್ರೀ!"

ಕಿಟಕಿ ಮುಚ್ಚಿದರೆ ನನಗೆ ಬೆಸುಗೆ ಕಾಣದು, ತೆರೆದರೆ ಅವಳಿಗೆ ಸೊಸೆ ಕಾಣಳು. ಈ ಧರ್ಮಸಂಕಟವನ್ನು ಹೊತ್ತು ಮರುದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಟೀವಿ ಅಂಗಡಿಗೆ ಹೋದೆ. ಅಲ್ಲಿ ಟೀವಿಗಳೆಲ್ಲ ಗರ್ಭಗುಡಿಯಂಥ ಕತ್ತಲಲ್ಲಿ ಪ್ರಜ್ವಲಿಸುತ್ತಿದ್ದವು. ಬಿಸಿಲಲ್ಲಿಟ್ಟು ತೋರಿಸಿ ಎಂದೆ.

"ಟೀವೀನ ಯಾರಣ್ಣ ಬಿಸ್ಲಲ್ಲಿ ಮಡುಗ್ತಾರೆ? ಅಪ್ಪಳವಾ?" ಎಂದರು ಅಂಗಡಿಯವರು. ಆದರೂ ಎರಡನ್ನು ಬಾಗಿಲ ಬಳಿಗೆ ತರಿಸಿದರು.

ಒಂದರ ಪರದೆ ಕನ್ನಡಿಯಂತಿತ್ತು. ಅದರಲ್ಲಿ ಕಪ್ಪು ಎಂದರೆ ಕಪ್ಪೇ. ಆದರೆ ರಸ್ತೆಯಲ್ಲಿ ಹೋದ ಬಸ್ಸು ನಾಯಕನ ಎದೆಯ ಮೇಲೇ ಹಾದುಹೋಯಿತು. ಇನ್ನೊಂದು ಮಂಕು. ಅದರಲ್ಲಿ ಬಸ್ಸಿನ ಬಿಂಬವೂ ಇಲ್ಲ, ನನ್ನದೂ ಇಲ್ಲ. ಬೆಳಕು ಮಾತ್ರ ಪರದೆಯ ತುಂಬ ಹರಡಿಕೊಂಡು, ನಾಯಕಿಯ ತಲೆಗೂದಲಿಗೆ ವಿಭೂತಿ ಬಳಿದಂತಿತ್ತು.

"ಮಂಕಿಂದೇ ತಗಳಿ. ಪಳಪಳ ಅನ್ನಲ್ಲ. ಬೆಲೆ ವಸಿ ಜಾಸ್ತಿ."

ಪಳಪಳ ಅನ್ನದ್ದಕ್ಕೆ ಬೆಲೆ ಜಾಸ್ತಿ! ನಾನು ಮೆರುಗು ಹಾಕದ ಓಲೆ ಕೊಟ್ಟರೆ ಗಿರಾಕಿಗಳು ನನ್ನ ಮುಖಕ್ಕೇ ಎಸೆದಾರು. ತಲೆಮಾರುಗಳಿಂದ ಮೆರುಗಿನ ಅನ್ನ ಉಂಡವನು ಬಗ್ಗಿ ನೋಡಿದೆ, ವಾಲಿ ನೋಡಿದೆ, ಒಂದು ಕಣ್ಣು ಮುಚ್ಚಿಯೂ ನೋಡಿದೆ. ನೋಡಿದಷ್ಟೂ ಬುದ್ಧಿ ಕದಡಿತು. ಬರಿಗೈಯಲ್ಲಿ ಮನೆಗೆ ಬಂದಾಗ ಧಾರಾವಾಹಿ ಶುರುವಾಗುವ ಹೊತ್ತು.

"ಒಂದ್ರಲ್ಲಿ ಬಸ್ಸು ಕಾಣ್ತದೆ, ಇನ್ನೊಂದ್ರಲ್ಲಿ ಬೂದಿ ಕಾಣ್ತದೆ. ಯಾವ್ದು ತರ್ಲಿ?"

"ಯಾವ್ದೂ ಬ್ಯಾಡ ಬುಡಿ. ವಸಿ ಹೊತ್ತು ಆ ಕಿಟ್ಕಿ ಮುಚ್ಚಿ ಇಲ್ಲಿ ಬಂದು ಕೂತ್ಕಳಿ. ಮಲಗ್ದಾಗಿಂದ ನಂತಾವ ಮಾತಾಡೋರೇ ಇಲ್ಲ."

ಅಷ್ಟೂ ದಿನ ನಾನು ಅದೇ ಕೋಣೆಯಲ್ಲೇ ಇದ್ದವನು. ಬಾಯಲ್ಲಿ ಊದುಕೊಳವೆ ಇಟ್ಟುಕೊಂಡವನು ಮಾತಾಡುವುದಾದರೂ ಹೇಗೆ ಎಂಬ ಸಮರ್ಥನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಬಿಟ್ಟು ಕಿಟಕಿ ಮುಚ್ಚಿ ಅವಳ ಕಾಲಿನ ಬಳಿ ಕೂತೆ. ಪರದೆ ತಿಳಿಯಾಗಿತ್ತು, ಕಥೆಯ ತಲೆಬುಡ ಮಾತ್ರ ನನಗೆ ಹತ್ತಲಿಲ್ಲ.

"ಇವ್ಳು ಅತ್ತೆಯಾ, ಸೊಸೆಯಾ?"

"ಸೊಸೆನೇ. ಮೊನ್ನೆಯಿಂದ ಅತ್ತೆ."

"ಅದೆಂಗೆ?"

ಅವಳು ದಿಂಬು ಎತ್ತರಿಸಿಕೊಂಡು, ಟೀವಿಯ ಸದ್ದು ತಗ್ಗಿಸಿ, ಮೊದಲಿನಿಂದ ಹೇಳತೊಡಗಿದಳು.